ಕೆರೆ ಪಾಚಿಯನ್ನು ಮೈಕ್ರೋಸ್ಕೋಪ್‌ನಲ್ಲಿ ಗುರುತಿಸುವುದು ಹೇಗೆ?

ಪಾಚಿ ಗುರುತಿಸಲು ಕೂತವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅಂದರೆ ಮೊಬೈಲ್‌ನಲ್ಲಿ ಚಿತ್ರಗಳನ್ನು ತೆರೆದು, ಕಣ್ಣಿಗೆ ಕಂಡದ್ದಕ್ಕೆ ಹತ್ತಿರ ಬರುವ ಒಂದು ಹೆಸರು ಹಿಡಿಯುವುದು. ಹಾಗೆ ಮಾಡಬೇಡಿ. ಮೊದಲು ಗುಂಪು, ಆಮೇಲೆ ಹೆಸರು. ಸಿಹಿನೀರಿನಲ್ಲಿ ಪದೇಪದೇ ಸಿಗುವ ದೊಡ್ಡ ಗುಂಪುಗಳು ನಾಲ್ಕು: ಹಸಿರು ಪಾಚಿ, ನೀಲಿ-ಹಸಿರು ಪಾಚಿ, ಡಯಾಟಮ್ (ಗಾಜಿನಂಥ ಚಿಪ್ಪಿರುವ ಪಾಚಿ), ಯೂಗ್ಲಿನಾ ಮತ್ತದರ ಬಳಗ. ಇವನ್ನು ಬೇರೆ ಮಾಡಲು ಬಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು. ಕಾಲೇಜಿನಲ್ಲಿರುವ ಮಾಮೂಲಿ ಮೈಕ್ರೋಸ್ಕೋಪ್ ಸಾಕು, 10 ಪಟ್ಟು ಮತ್ತು 40 ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡಿನ ಹತ್ತಿರದ ಮಸೂರ) ಇದ್ದರೆ ಆಯ್ತು.

ತರುವುದು

ಕೆರೆಯಲ್ಲೋ ಕಲ್ಯಾಣಿಯಲ್ಲೋ ಮೇಲೆ ತೇಲುವುದನ್ನಷ್ಟೇ ಎತ್ತಿಕೊಂಡು ಬಂದರೆ ಒಂದೆರಡು ಬಗೆ ಮಾತ್ರ ಸಿಗುತ್ತದೆ. ನೀರೊಳಗಿನ ಗಿಡಗಳನ್ನು ಹಿಂಡಿ ಆ ನೀರನ್ನೂ ಹಿಡಿಯಿರಿ. ಮೆಟ್ಟಿಲಿನ ಕಲ್ಲನ್ನು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಬಂದ ಕಂದು ಲೋಳೆಯನ್ನು ಇನ್ನೊಂದು ಬಾಟಲಿಗೆ ಹಾಕಿ. ಡಯಾಟಮ್ ಸಿಗುವುದು ಹೆಚ್ಚಾಗಿ ಅದರಲ್ಲೇ. ಬಾಟಲಿ ಅರ್ಧ ತುಂಬಿದರೆ ಸಾಕು, ಪೂರ್ತಿ ತುಂಬಿಸಿ ಬಿಗಿಯಾಗಿ ಮುಚ್ಚಿದರೆ ಬೇಗ ಕೊಳೆಯುತ್ತದೆ. ಜಾಗ, ತಾರೀಖು ಬರೆದು ಅಂಟಿಸಿ. ಆದಷ್ಟು ಅದೇ ದಿನ ನೋಡಿ.

ಒಂದು ಎಚ್ಚರಿಕೆ. ನೀರಿನ ಮೇಲೆ ದಟ್ಟ ಹಸಿರು ಕೆನೆಗಟ್ಟಿದ್ದರೆ ಬರಿಗೈ ಹಾಕಬೇಡಿ. ಮೊದಲು ಒಂದು ಕಡ್ಡಿ ಅದ್ದಿ ಎತ್ತಿ. ಎಳೆ ಎಳೆಯಾಗಿ ಸುತ್ತಿಕೊಂಡು ಬಂದರೆ ಅದು ದಾರದಂಥ ಪಾಚಿ. ಎಳೆಯಿಲ್ಲದೆ ಕಡ್ಡಿಗೆ ಸುಮ್ನೆ ಬಣ್ಣ ಮೆತ್ತಿಕೊಂಡರೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಇರಬಹುದು. ಕೊಳಚೆ ಸೇರುವ ಕೆರೆಗಳಲ್ಲಿ ಇದು ಸಾಮಾನ್ಯ. ಇದರ ಕೆಲವು ಬಗೆಗಳು ಮೈಕ್ರೋಸಿಸ್ಟಿನ್ ಎಂಬ ವಿಷ ಮಾಡುತ್ತವೆ, ಅದು ಲಿವರ್ ಕೆಡಿಸುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಅಂಥ ನೀರನ್ನು ದನಕರುಗಳಿಗೂ ಕುಡಿಸಬೇಡಿ.

ಸ್ಲೈಡ್

ಚೂರೇ ಚೂರು ಪಾಚಿ ತೆಗೆದುಕೊಂಡು ಎರಡು ಸೂಜಿಯಿಂದ ಬಿಡಿಸಿ, ಒಂದು ಹನಿ ನೀರು ಹಾಕಿ, ಕವರ್ ಸ್ಲಿಪ್ಪನ್ನು (ಮುಚ್ಚುವ ತೆಳು ಗಾಜು) ಓರೆಯಾಗಿ ನಿಧಾನಕ್ಕೆ ಇಳಿಸಿ. ದಪ್ಪ ಕಪ್ಪು ಅಂಚಿನ ಗುಂಡಗಿನದು ಕಂಡರೆ ಅದು ಗಾಳಿಗುಳ್ಳೆ, ಬಿಟ್ಟುಬಿಡಿ. ಮೊದಲು 10ರಲ್ಲಿ ಹುಡುಕಿ, ಆಮೇಲೆ 40. ಡಯಾಫ್ರಾಮ್ (ಸ್ಲೈಡಿನ ಕೆಳಗಿರುವ ಬೆಳಕಿನ ಕಿಂಡಿ) ಸ್ವಲ್ಪ ಮುಚ್ಚಿ ಬೆಳಕು ತಗ್ಗಿಸಿ, ಇಲ್ಲದಿದ್ದರೆ ಡಯಾಟಮ್‌ಗಳ ಗಾಜಿನಂತೆ ಪಾರದರ್ಶಕವಾದ ಚಿಪ್ಪುಗಳು ಕಣ್ಣಿಗೇ ಬೀಳುವುದಿಲ್ಲ.

ಗುಂಪು ಹಿಡಿಯುವುದು

ಕೊನೆಗೆ ಪಿಷ್ಟ ಇದೆಯೇ ಎಂದು ನೋಡಲು ಸ್ಲೈಡಿಗೆ ಅಯೋಡಿನ್ ಹಾಕುತ್ತೇವೆ. ಅದನ್ನು ಹಾಕಿದರೆ ಎಲ್ಲ ಸಾಯುತ್ತವೆ, ಆದ್ದರಿಂದ ಚಲನೆ ಮೊದಲು ನೋಡಿ. ದೋಣಿಯಾಕಾರದ ಕಂದು-ಚಿನ್ನದ ಬಣ್ಣದ ಕೋಶ ಯಾವ ಬಾಲವೂ ಇಲ್ಲದೆ ಮುಂದಕ್ಕೂ ಹಿಂದಕ್ಕೂ ಜಾರುತ್ತಿದ್ದರೆ ಅದು ನ್ಯಾವಿಕ್ಯುಲಾದಂಥ ಡಯಾಟಮ್. ನೀಲಿ-ಹಸಿರು ಎಳೆ ಉದ್ದಕ್ಕೂ ಜಾರುತ್ತಾ ತುದಿಯನ್ನು ಅತ್ತಿತ್ತ ಆಡಿಸುತ್ತಿದ್ದರೆ ಆಸಿಲೇಟೋರಿಯಾ. ಮೈಯನ್ನೇ ಹಿಗ್ಗಿಸಿ ಕುಗ್ಗಿಸಿ ಆಕಾರ ಬದಲಿಸುವ, ಒಂದು ತುದಿಯಲ್ಲಿ ಕೆಂಪು ಚುಕ್ಕೆಯಿರುವ ಹಸಿರು ಜೀವಿ ಯೂಗ್ಲಿನಾ. ಕೆಂಪು ಚುಕ್ಕೆ ಕ್ಲಾಮಿಡೋಮೊನಾಸ್‌ಗೂ ಇದೆ, ಆದರೆ ಅದರ ಮೊಟ್ಟೆಯಾಕಾರ ಬದಲಾಗುವುದಿಲ್ಲ, ಈಜಲು ಚಾವಟಿಯಂಥ ಎರಡು ಎಳೆ ಇರುತ್ತವೆ.

ಆಮೇಲೆ ಕೇಳಿಕೊಳ್ಳಬೇಕಾದ್ದು ಬಣ್ಣ ಯಾವುದು ಎಂದಲ್ಲ, ಬಣ್ಣ ಕೋಶದೊಳಗೆ ಎಲ್ಲಿದೆ ಎಂದು. ಇಡೀ ವಿದ್ಯೆ ನಿಂತಿರುವುದೇ ಇದರ ಮೇಲೆ ಅಂತ ನನಗನಿಸುತ್ತದೆ. ಹಸಿರು ಪಾಚಿಯಲ್ಲಿ ಬಣ್ಣ ಕ್ಲೋರೋಪ್ಲಾಸ್ಟ್ ಎಂಬ ಕೋಶದ ಭಾಗದ ಒಳಗೇ ಇರುತ್ತದೆ, ಉಳಿದ ಜಾಗ ತಿಳಿಯಾಗಿ ಕಾಣುತ್ತದೆ. ನೀಲಿ-ಹಸಿರು ಪಾಚಿ ನಿಜಕ್ಕೂ ಬ್ಯಾಕ್ಟೀರಿಯಾ. ಅದಕ್ಕೆ ಕ್ಲೋರೋಪ್ಲಾಸ್ಟೂ ಇಲ್ಲ, ಕೋಶಕೇಂದ್ರವೂ ಇಲ್ಲ, ಬಣ್ಣ ಕೋಶದ ತುಂಬ ಹರಡಿರುತ್ತದೆ. ಬರೀ ಬಣ್ಣ ನಂಬಿದರೆ ಮೋಸ ಹೋಗುತ್ತೀರಿ. ಮಲೆನಾಡಿನಲ್ಲಿ ಮರದ ಕಾಂಡ, ಗೋಡೆಗಳ ಮೇಲೆ ಕಿತ್ತಳೆ ಬಣ್ಣಕ್ಕೆ ಬೆಳೆಯುವ ಟ್ರೆಂಟಿಪೋಲಿಯಾ ಹಸಿರು ಪಾಚಿಯ ಗುಂಪಿನದೇ, ಅಲ್ವಾ?

ಈಗ ಅಯೋಡಿನ್. ಲ್ಯಾಬ್‌ನಲ್ಲಿ ಪಿಷ್ಟ ಪರೀಕ್ಷೆಗೆ ಬಳಸುವ ದ್ರಾವಣವನ್ನೇ ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಿಟ್ಟು, ಎದುರಿನ ಅಂಚಿಗೆ ಟಿಶ್ಯೂ ಪೇಪರ್ ತಾಗಿಸಿ. ದ್ರಾವಣ ತಾನೇ ಒಳಗೆ ಸರಿಯುತ್ತದೆ. ಹಸಿರು ಪಾಚಿಯಲ್ಲಿ ಪಿಷ್ಟ ಇರುವುದರಿಂದ ಕಡುನೀಲಿಯಿಂದ ಕಪ್ಪಿನ ಚುಕ್ಕೆಗಳು ಮೂಡುತ್ತವೆ. ಡಯಾಟಮ್, ಯೂಗ್ಲಿನಾ, ನೀಲಿ-ಹಸಿರು ಪಾಚಿ ಯಾವುದೂ ಹಾಗೆ ಕಪ್ಪಾಗುವುದಿಲ್ಲ.

ಹೆಸರು

ದಾರದಂಥ ಹಸಿರು ಪಾಚಿ ಮುಟ್ಟಿದರೆ ಜಾರುವಷ್ಟು ನುಣುಪಾಗಿದ್ದರೆ ಸ್ಪೈರೋಗೈರಾ ಇರುವ ಸಾಧ್ಯತೆ ಜಾಸ್ತಿ. 40ರಲ್ಲಿ ಒಂದೇ ಕೋಶಕ್ಕೆ ನಿಲ್ಲಿಸಿ, ಫೋಕಸ್ ನಿಧಾನ ತಿರುಗಿಸಿ. ಹಸಿರು ರಿಬ್ಬನ್ ಮೇಲ್ಮುಖದಲ್ಲಿ ಒಂದು ಕಡೆಗೆ ಓರೆಯಾಗಿ ಹೋಗಿ, ಫೋಕಸ್ ಇಳಿಸಿದಂತೆ ಕೆಳಮುಖದಲ್ಲಿ ಇನ್ನೊಂದು ಕಡೆಗೆ ಓರೆಯಾಗಿ ಬರುತ್ತದೆ, ಅಂದರೆ ಅದು ಕೋಶದ ಒಳಗೋಡೆಗೆ ಸುತ್ತಿಕೊಂಡಿದೆ. ರಿಬ್ಬನ್ ಎಷ್ಟಿವೆ ಎಣಿಸಿ ಬರೆದಿಡಿ. ರಿಬ್ಬನ್ ಬದಲು ಕೋಶಕ್ಕೆ ಎರಡು ನಕ್ಷತ್ರಗಳಿದ್ದರೆ ಜಿಗ್ನೀಮಾ. ಕೆಲವು ಕೋಶಗಳ ಒಂದು ತುದಿಯಲ್ಲಿ ಸಣ್ಣ ಉಂಗುರ ಗೆರೆಗಳಿದ್ದರೆ ಈಡೋಗೋನಿಯಂ. ಒರಟಾಗಿದ್ದು ಕವಲೊಡೆದಿದ್ದರೆ ಕ್ಲಾಡೋಫೋರಾ.

ಬಿಡಿ ಕೋಶಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಕ್ಲಾಸ್ಟೀರಿಯಂ. ಅರ್ಧಚಂದ್ರದ ಆಕಾರ, ಎರಡು ತುದಿಗಳಲ್ಲೂ ಪುಟ್ಟ ಗುಳ್ಳೆಗಳು, ಅವುಗಳೊಳಗೆ ಸಣ್ಣ ಹರಳುಗಳು ಸದಾ ನಡುಗುತ್ತಿರುತ್ತವೆ. ಒಮ್ಮೆ ನೋಡಿದರೆ ಮರೆಯಲಾಗದು. ನಾಲ್ಕು ಕೋಶ ಸಾಲಾಗಿ ಅಂಟಿಕೊಂಡು ಮೂಲೆಗಳಲ್ಲಿ ಮುಳ್ಳಿದ್ದರೆ ಸೀನೆಡೆಸ್ಮಸ್. ಚಪ್ಪಟೆ ಬಿಲ್ಲೆಯಾಗಿ ಜೋಡಿಸಿದಂತಿದ್ದು ಅಂಚಿನ ಕೋಶಗಳಿಗೆ ಕೊಂಬಿದ್ದರೆ ಪೀಡಿಯಾಸ್ಟ್ರಮ್. ನೀಲಿ-ಹಸಿರು ಸರದಲ್ಲಿ ನಡುನಡುವೆ ದಪ್ಪಗೋಡೆಯ ಮಾಸಲು ಕೋಶ ಕಂಡರೆ ಅನಬೀನಾ ಅಥವಾ ನಾಸ್ಟಾಕ್, ಆ ಕೋಶಗಳೇ ಗಾಳಿಯ ಸಾರಜನಕ ಹಿಡಿಯುವುದು. ಸರಗಳೆಲ್ಲ ಗಟ್ಟಿ ಲೋಳೆಯ ಉಂಡೆಯೊಳಗೆ ಸಿಕ್ಕಿಕೊಂಡಿದ್ದರೆ ನಾಸ್ಟಾಕ್ ಅನ್ನಿ.

ಅಳತೆಯನ್ನೂ ಬರೆಯಿರಿ. ಐಪೀಸ್ (ಕಣ್ಣಿಡುವ ಮಸೂರ) ಮೇಲೆ 18 ಅಂತ ಬರೆದಿದ್ದರೆ, 40ರ ಆಬ್ಜೆಕ್ಟಿವ್‌ನಲ್ಲಿ ಕಾಣುವ ವೃತ್ತದ ಅಗಲ 18 ಭಾಗಿಸು 40, ಅಂದರೆ 0.45 ಮಿಲಿಮೀಟರ್, 450 ಮೈಕ್ರಾನ್. ಎಳೆಯ ಅಗಲ ಅದರ ಹದಿನೈದನೇ ಒಂದು ಭಾಗ ಅನಿಸಿದರೆ ಸುಮಾರು 30 ಮೈಕ್ರಾನ್.

ಸ್ಪೈರೋಗೈರಾ ಅನ್ನುವಷ್ಟಕ್ಕೆ ಸದ್ಯ ನಿಲ್ಲಿಸಿ. ಅದರಲ್ಲಿ ನೂರಾರು ಪ್ರಭೇದಗಳಿವೆ, ಎರಡು ಎಳೆಗಳು ಕೂಡಿ ಆಗುವ ಝೈಗೋಸ್ಪೋರ್ ಎಂಬ ಬೀಜಕ ನೋಡದೆ ಪ್ರಭೇದ ಹೇಳಲು ಬಾರದು. ನೀರು ಇಳಿಯತೊಡಗಿದಾಗ ಅದೇ ಜಾಗಕ್ಕೆ ಹೋಗಿ, ಹಸಿರು ಹೋಗಿ ಹಳದಿಗೆ ತಿರುಗಿದ ಎಳೆಗಳನ್ನೇ ಆರಿಸಿ ತನ್ನಿ.