ಬೆಂಗಳೂರಲ್ಲಿ ಮಗೂನ ಮನೇಲೇ ಓದಿಸ್ತೀರಾ? ಮೊದಲು ಈ ಕಾಗದಪತ್ರ ಸರಿ ಮಾಡ್ಕೊಳ್ಳಿ

ಸ್ಕೂಲ್ ಬಿಡಿಸಿ ಮನೇಲೇ ಓದಿಸೋಣ ಅಂತಿರೋ ಅಪ್ಪ ಅಮ್ಮಂದಿರು ಮೊದಲು ಕೇಳೋದು, ಇದನ್ನ ಎಲ್ಲಿ ರಿಜಿಸ್ಟರ್ ಮಾಡಿಸ್ಬೇಕು ಅಂತ. ಎಲ್ಲೂ ಇಲ್ಲ. ಕರ್ನಾಟಕದಲ್ಲಿ ಹೋಮ್‌ಸ್ಕೂಲಿಂಗ್‌ಗೆ ಅಂತ ಫಾರ್ಮೂ ಇಲ್ಲ, ಲೈಸೆನ್ಸೂ ಇಲ್ಲ. ಹಂಗಾಗಿ ದುಡ್ಡು ತಗೊಂಡು ಗವರ್ನಮೆಂಟ್ ರಿಜಿಸ್ಟ್ರೇಷನ್ ಮಾಡಿಸ್ಕೊಡ್ತೀವಿ ಅನ್ನೋರು ಸಿಕ್ರೆ ದಯವಿಟ್ಟು ದೂರ ಇರಿ, ಹೆಸರು ಒಂದು ಸ್ಕೂಲಲ್ಲಿ ಹಾಕ್ಸಿ ಮಗು ಮನೇಲಿರ್ಲಿ ಅನ್ನೋ ಡಮ್ಮಿ ಅಡ್ಮಿಷನ್ನೂ ಬೇಡ, ಸುಳ್ಳು ಹಾಜರಿ ಮೇಲೆ ನಿಂತಿರೋ ದಾಖಲೆ ಯಾವತ್ತಿದ್ರೂ ಮಗು ತಲೆಗೇ ಬರತ್ತೆ.

ಕಾನೂನಿನ ವಿಷ್ಯ ಹೇಳ್ಬೇಕಂದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರೀಲಿದೆ, 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮಗೂನ ಹತ್ತಿರದ ಶಾಲೆಗೆ ಸೇರ್ಸೋದು ತಂದೆತಾಯಿ ಕರ್ತವ್ಯ ಅಂತ ಅದರ ಸೆಕ್ಷನ್ 10 ಹೇಳತ್ತೆ, ಆದ್ರೆ ಸೇರ್ಸದೇ ಇದ್ರೆ ತಂದೆತಾಯಿಗೆ ಇಷ್ಟು ದಂಡ ಅಂತ ಆ ಕಾಯ್ದೇಲಿ ಬರೆದಿಲ್ಲ. ಹಂಗಂತ ಪರ್ಮಿಷನ್ ಇದೆ ಅಂತಾನೂ ಅಲ್ಲ, ನಡುವೆ ಸಿಕ್ಕಾಕೊಂಡಿರೋ ಜಾಗ ಇದು.

ನಿಜವಾದ ತಲೆನೋವು ಬರೋದು ಸ್ಯಾಟ್ಸ್‌ನಿಂದ, ಅಂದ್ರೆ ಪ್ರತಿ ಮಗೂಗೂ ಒಂದು ನಂಬರ್ ಕೊಟ್ಟು ದಾಖಲೆ ಇಡೋ ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಿಂದ. ನಮ್ಮ ರಾಜ್ಯದಲ್ಲಿ ಮಗು ಸತತ 7 ದಿನ ಶಾಲೆಗೆ ಹೋಗ್ಲಿಲ್ಲ ಅಂದ್ರೆ ಶಾಲೆಯಿಂದ ಹೊರಗುಳಿದ ಮಗು ಅಂತ ಲೆಕ್ಕ. ಸುಮ್ನೆ ಕಳ್ಸೋದು ನಿಲ್ಲಿಸ್ಬಿಟ್ರೆ ಆ ಪಟ್ಟಿಗೆ ಹೆಸರು ಬೀಳತ್ತೆ, ಆಮೇಲೆ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮನೆ ಬಾಗಿಲಿಗೆ ಬಂದು ಯಾಕ್ರೀ ಮಗು ಸ್ಕೂಲಿಗೆ ಬರ್ತಿಲ್ಲ ಅಂತ ಕೇಳ್ತಾರೆ. ಅವ್ರು ಹುಡುಕ್ತಿರೋದು ಕೆಲಸಕ್ಕೆ ಹೋಗ್ತಿರೋ ಮಕ್ಕಳನ್ನ, ಬಾಲ್ಯವಿವಾಹಕ್ಕೆ ಸಿಕ್ಕಿರೋ ಹೆಣ್ಮಕ್ಕಳನ್ನ, ಅದು ನಡೀಲೇಬೇಕಾದ ಕೆಲಸ. ಜಗಳ ಆಡ್ಬೇಡಿ, ಒಳಗೆ ಕರೆದು ಕೂರ್ಸಿ, ಮಗೂನೇ ಮಾತಾಡ್ಲಿ, ಫೈಲ್ ತೋರ್ಸಿ.

ಆ ಫೈಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಒಂದು ಬಾಕ್ಸ್ ಫೈಲ್ ತಗೊಳ್ಳಿ, ಮೊದಲು ಬರ್ತ್ ಸರ್ಟಿಫಿಕೇಟ್, ಆಧಾರ್, ಆಮೇಲೆ ಹಳೇ ಸ್ಕೂಲಿನ ಟಿಸಿ, ಅದ್ರ ಮೇಲೆ ಸ್ಯಾಟ್ಸ್ ನಂಬರ್, ಯುಡೈಸ್‌ನ (ಕೇಂದ್ರ ಸರ್ಕಾರದ ಶಾಲಾ ದಾಖಲೆ ವ್ಯವಸ್ಥೆ) ಪೆನ್ ಅನ್ನೋ ಖಾಯಂ ವಿದ್ಯಾರ್ಥಿ ನಂಬರ್ ಬರ್ಸಿಟ್ಕೊಳ್ಳಿ, ಹೆಸರಿನ ಸ್ಪೆಲ್ಲಿಂಗು ಹುಟ್ಟಿದ ತಾರೀಖು ಮೂರ್ರಲ್ಲೂ ಒಂದೇ ಥರ ಇದ್ಯಾ ಅಲ್ಲೇ ನಿಂತು ನೋಡಿ, ಒಂದು ಇನಿಷಿಯಲ್ ಹೆಚ್ಚುಕಮ್ಮಿ ಆದ್ರೂ ಹತ್ತನೇ ಕ್ಲಾಸ್ ಹೊತ್ತಿಗೆ ಅಲೆದಾಡ್ಬೇಕಾಗತ್ತೆ. ನಿಮ್ಮ ವಲಯದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ, ಮಗೂನ ಮನೇಲಿ ಓದಿಸ್ತಿದ್ದೀವಿ, ಇಂಥ ಬೋರ್ಡಿನ ಪರೀಕ್ಷೆ ಬರೆಸ್ತೀವಿ ಅಂತ ಒಂದು ಪತ್ರ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲ್ ಹಾಕ್ಸ್ಕೊಳ್ಳಿ. ಅದು ಅನುಮತಿ ಆಗಲ್ಲ, ಆದ್ರೆ ಮುಚ್ಚಿಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ. ಏನೇನು ಓದಿದ್ರು ಅಂತ ತಾರೀಖು ಹಾಕಿರೋ ನೋಟ್‌ಬುಕ್ಕೂ ಎತ್ತಿಡಿ.

ಇನ್ನೊಂದು, ನಾಲ್ಕೈದು ಮನೆಯವ್ರು ಸೇರಿ ಬಾಡಿಗೆಗೆ ಜಾಗ ಹಿಡಿದು ಫೀಸ್ ತಗೊಂಡು ದಿನಾ ಕ್ಲಾಸ್ ಮಾಡೋಕೆ ಶುರು ಮಾಡಿದ್ರೆ ಅದನ್ನ ಮಾನ್ಯತೆ ಇಲ್ಲದ ಶಾಲೆ ಅನ್ನಬಹುದು. ಸೆಕ್ಷನ್ 18ರಲ್ಲಿ ಅದಕ್ಕೆ 1 ಲಕ್ಷದವರೆಗೆ ದಂಡ ಇದೆ, ಮುಂದುವರ್ಸಿದ್ರೆ ದಿನಕ್ಕೆ 10,000.

ಪರೀಕ್ಷೆಗೆ ಹೆಚ್ಚಿನವ್ರು ಹೋಗೋದು ಎನ್‌ಐಒಎಸ್‌ಗೆ, ಅಂದ್ರೆ ಕೇಂದ್ರದ ಮುಕ್ತ ಶಾಲಾ ಬೋರ್ಡಿಗೆ. ಹತ್ತನೇ ಕ್ಲಾಸಿಗೆ ಕನಿಷ್ಠ 14 ವರ್ಷ ಆಗಿರ್ಬೇಕು, ವರ್ಷಕ್ಕೆ ಎರಡು ಸಲ ಪರೀಕ್ಷೆ, ಕನ್ನಡಾನೂ ತಗೋಬಹುದು. ಹತ್ತನೇ ಕ್ಲಾಸ್ ಮಟ್ಟದ ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ ಪರೀಕ್ಷೆ ಖಾಸಗಿಯಾಗಿ ಬರೆಸಬಹುದು, ಖರ್ಚು ಜಾಸ್ತಿ. ಎಸ್‌ಎಸ್‌ಎಲ್‌ಸಿನೂ ಖಾಸಗಿ ಅಭ್ಯರ್ಥಿಯಾಗಿ ಬರೆಯೋ ದಾರಿ ಇದೆ. ಬಡಾವಣೆ ಶಾಲೆಗೇ ವಾಪಸ್ ಕಳ್ಸೋಣ ಅನ್ಸಿದ್ರೆ ಹೆದರ್ಬೇಡಿ, ಆರ್‌ಟಿಇ ಸೆಕ್ಷನ್ 4ರ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು.

ಯಾರೂ ಮೊದಲೇ ಹೇಳದೇ ಇರೋದು ಸಿಇಟಿ ವಿಷ್ಯ. ಕರ್ನಾಟಕದ ಸರ್ಕಾರಿ ಕೋಟಾ ಸೀಟಿಗೆ ಸಾಮಾನ್ಯವಾಗಿ ಒಂದನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ಒಳಗೆ 7 ವರ್ಷ ರಾಜ್ಯದಲ್ಲಿ ಓದಿರೋದಕ್ಕೆ ಸ್ಟಡಿ ಸರ್ಟಿಫಿಕೇಟ್ ಬೇಕು, ಅದಕ್ಕೆ ಬಿಇಒ ಸಹಿ ಬೇಕು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಮಗು ಆದ್ರೂ ಮನೇಲಿ ಓದಿದ ವರ್ಷಕ್ಕೆ ಆ ಸರ್ಟಿಫಿಕೇಟ್ ಕೊಡೋಕೆ ಶಾಲೇನೇ ಇರಲ್ಲ. ಎಂಜಿನಿಯರಿಂಗ್ ಆಸೆ ಇದ್ರೆ ಎಷ್ಟು ವರ್ಷ ಶಾಲೇಲಿ ಇತ್ತು ಅಂತ ಈಗ್ಲೇ ಲೆಕ್ಕ ಹಾಕಿ. ಅಪ್ಪ ಅಮ್ಮನಲ್ಲಿ ಒಬ್ರು ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡೂ ವರ್ಷ ಪಿಯುಸಿ ಇಲ್ಲೇ ಮಾನ್ಯತೆ ಇರೋ ಕಾಲೇಜಲ್ಲಿ ಮುಗಿಸಿದ್ರೆ ಅದಕ್ಕೆ ಅಂತ ಬೇರೆ ನಿಯಮ ಇದೆ, ಆ ವರ್ಷದ ಸಿಇಟಿ ಬ್ರೋಷರ್‌ನಲ್ಲಿ ಓದ್ಕೊಳ್ಳಿ. ನಿಮ್ಮದೇ ಹಳೇ ಸ್ಕೂಲಿಗೆ ಹೋಗಿ ನಿಮ್ಮ ಸ್ಟಡಿ ಸರ್ಟಿಫಿಕೇಟನ್ನೂ ತೆಗೆಸಿಡಿ, ಅಷ್ಟು ಹಳೇ ಅಡ್ಮಿಷನ್ ರಿಜಿಸ್ಟರ್ ಹುಡುಕೋಕೆ ಅವ್ರಿಗೂ ಟೈಮ್ ಹಿಡಿಯತ್ತೆ.