ಹಳೆಯ ಕಾರಿನ ಲಾಂಛನ: ಮೊದಲು ಅದರ ಬೆನ್ನು ನೋಡಿ

ಇಂಗ್ಲೆಂಡಿನ ಹಳೆಯ ಮೋರಿಸ್ ಕಾರಿನ ಲಾಂಛನದಲ್ಲಿ ಒಂದು ಎತ್ತು ಹೊಳೆ ದಾಟುತ್ತಿರುತ್ತದೆ. ಆಕ್ಸ್‌ಫರ್ಡ್ ಎಂಬ ಊರ ಹೆಸರಿಗೇ ಎತ್ತು ಹಾಯುವ ಕಡವು ಎಂಬ ಅರ್ಥವಿದೆ. ಮೋರಿಸ್ ಕಾರ್ಖಾನೆ ಇದ್ದದ್ದು ಅದೇ ಊರಿನ ಅಂಚಿನ ಕೌಲಿಯಲ್ಲಿ. ನನ್ನ ಮೇಜಿಗೆ ಬಂದ ಲಾಂಛನದಲ್ಲಿ ಎತ್ತು ನೆಟ್ಟಗೇ ಇತ್ತು, ಹೊಳೆ ಮಾತ್ರ ಬತ್ತಿತ್ತು. ನೀಲಿ ಎನಾಮೆಲ್ ಚಕ್ಕೆಯೆದ್ದು ಹೋಗಿ ತಳದ ತಾಮ್ರ ಹಸಿರುಗಟ್ಟಿತ್ತು.

ಕಾರಿನ ಯಜಮಾನರು ಹಿರಿಯರು. "ಇದು ನಮ್ಮ ತಂದೆಯವರ ಗಾಡಿ. ಹೊಳೆಗೆ ನೀರು ತುಂಬಿಸಿ ಕೊಡಿ, ಸಾಕು. ಎತ್ತನ್ನು ಮುಟ್ಟಬೇಡಿ" ಎಂದರು. ಹಳೆಯ ಲಾಂಛನಗಳನ್ನು ಸರಿಪಡಿಸುವ ಈ ಕೆಲಸದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಬೇಡಿಕೆ ಅದು. ಬಹಳ ಮಂದಿ ಫಳಫಳ ಹೊಳೆಯಬೇಕು ಎನ್ನುತ್ತಾರೆ. ಹೊಳಪು ಕೊಡುವುದು ಕಷ್ಟವಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದು ಕಷ್ಟ.

ಯಾವ ಲಾಂಛನ ಬಂದರೂ ನಾನು ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ಹಳೆಯವುಗಳ ಹಿಂಬದಿಯಲ್ಲಿ ತಯಾರಕರ ಮುದ್ರೆ ಇರುವುದುಂಟು. ಅಮೆರಿಕದ ಕಾರುಗಳದ್ದಾದರೆ ಕೊಲಂಬಸ್‌ನ ಡಿ. ಎಲ್. ಆಲ್ಡ್, ರೋಚೆಸ್ಟರ್‌ನ ಬ್ಯಾಸ್ಟಿಯನ್ ಬ್ರದರ್ಸ್ ಹೆಸರು ಸಿಗುತ್ತದೆ. ಮುದ್ರೆಗಿಂತ ಮುಖ್ಯವಾದದ್ದು ಲೋಹ. ತಾಮ್ರವೋ ಹಿತ್ತಾಳೆಯೋ ಆದರೆ ಅಚ್ಚೊತ್ತಿದ ತಗಡು, ಹಿಂದೆ ಬೆಸೆದ ಸ್ಟಡ್ಡು, ಅಂದರೆ ನಟ್ ಹಾಕಿ ಕಾರಿಗೆ ಬಿಗಿಯುವ ಕಡ್ಡಿ. ಬೂದು ಬಣ್ಣದ, ತೂಕದ, ಸ್ಟಡ್ಡೂ ಸೇರಿ ಒಂದೇ ಎರಕವಾದರೆ ಅದು ಸತುವಿನ ಮಿಶ್ರಲೋಹ. ಇವೆರಡರ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಮಾಡುವುದನ್ನು ಇನ್ನೊಂದಕ್ಕೆ ಮಾಡಿದರೆ ವಸ್ತುವೇ ಕೈಬಿಟ್ಟು ಹೋಗುತ್ತದೆ.

ಕಾರಿನಿಂದ ಬಿಡಿಸುವಾಗಲೇ ಅರ್ಧ ಲಾಂಛನಗಳು ಹಾಳಾಗುತ್ತವೆ. ಮುಂದಿನಿಂದ ಸ್ಕ್ರೂಡ್ರೈವರ್ ತೂರಿಸಿ ಎಬ್ಬಲೇಬಾರದು. ಹಿಂದಿನ ನಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಆಮೇಲೂ ಬರದಿದ್ದರೆ ನಟ್ಟನ್ನೇ ಕತ್ತರಿಸುತ್ತೇನೆ. ನಟ್ ಎಲ್ಲಿಯಾದರೂ ಸಿಗುತ್ತದೆ.

ಮೋರಿಸ್ ಲಾಂಛನಕ್ಕೆ ಬರೋಣ. ನಿಜವಾದ ಎನಾಮೆಲ್ ಎಂದರೆ ಗಾಜು. ಗಾಜಿನ ಪುಡಿಯನ್ನು ಅಚ್ಚಿನ ಗುಳಿಗಳಿಗೆ ತುಂಬಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂರಿಸಿದ್ದು. ಹಾಗಾದರೆ ಬಿದ್ದ ಜಾಗಕ್ಕೆ ಮತ್ತೆ ಪುಡಿ ತುಂಬಿ ಕುಲುಮೆಗೆ ಇಟ್ಟರಾಯಿತಲ್ಲ ಎಂದು ನಾನೂ ಶುರುವಿನಲ್ಲಿ ಅಂದುಕೊಂಡಿದ್ದೆ. ಯಾರಿಗೂ ಬೇಡವಾಗಿದ್ದ ಒಂದು ಒಡಕು ಲಾಂಛನದ ಮೇಲೆ ಮಾಡಿಯೂ ನೋಡಿದೆ. ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ತೊಡಗುತ್ತದೆ, ಹಾಗಾಗಿ ಮೊದಲು ಸ್ಟಡ್ಡುಗಳು ಕಳಚಿ ಬಿದ್ದವು. ಆಮೇಲೆ ಹಳೆಯ ಬಿರುಕುಗಳಲ್ಲಿ ದಶಕಗಳಿಂದ ಕೂತಿದ್ದ ಕೊಳೆ, ತೇವ ಮೇಲೆದ್ದು ನೀಲಿಯ ತುಂಬ ಕಪ್ಪು ಚುಕ್ಕೆ, ಗುಳ್ಳೆ. ಚೆನ್ನಾಗಿದ್ದ ಭಾಗವೂ ಹೋಯಿತು. ಅಂದಿನಿಂದ ಹಳೆಯ ಎನಾಮೆಲ್‌ಗೆ ನಾನು ಬೆಂಕಿ ತೋರಿಸಿಲ್ಲ. ನಾನು ಬಳಸುವುದು ಬಣ್ಣ ಬೆರೆಸಿದ ಎಪಾಕ್ಸಿ, ತಾನೇ ಗಟ್ಟಿಯಾಗುವ ಅಂಟುರಾಳ. ಅದನ್ನು ಮುಂದೆ ಯಾರಾದರೂ ಮೆತ್ತಗಾಗಿಸಿ ತೆಗೆಯಬಹುದು. ಸುಟ್ಟ ಗಾಜನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಹತ್ತಿ ಸುತ್ತಿದ ಕಡ್ಡಿ, ಇಷ್ಟೇ. ಹುಳಿ ಪದಾರ್ಥಗಳಿಂದ ತಾಮ್ರ ಬೆಳಗುತ್ತದೆ ನಿಜ, ಆದರೆ ಆಮ್ಲ ಗಾಜಿನ ಹೊಳಪನ್ನು ತಿನ್ನುತ್ತದೆ. ಗುಳಿಯೊಳಗಿನ ಹಸಿರು ಕಿಲುಬನ್ನು ಚೂಪು ಮಾಡಿದ ಬಿದಿರುಕಡ್ಡಿಯಿಂದ, ಭೂತಗನ್ನಡಿ ಹಿಡಿದು, ಕೆರೆದು ತೆಗೆದೆ. ಎರಡು ಸಂಜೆ ಅದಕ್ಕೇ ಹೋಯಿತು. ಕಿಲುಬು ಹೋದ ಮೇಲೆ ತಳದಲ್ಲಿ ಸಣ್ಣ ಸಣ್ಣ ಗೆರೆಗಳು ಕಾಣಿಸಿದವು. ಅಚ್ಚಿನಲ್ಲೇ ಒತ್ತಿದ ಗೆರೆಗಳು. ನೀಲಿ ಪಾರದರ್ಶಕ, ಬೆಳಕು ಅದರೊಳಗೆ ಇಳಿದು ಈ ಗೆರೆಗಳಿಗೆ ತಾಗಿ ಮರಳುತ್ತದೆ. ಕಾರು ಚಲಿಸುವಾಗ ನೀರು ಮಿನುಗಿದಂತೆ ಕಾಣುವುದು ಅದರಿಂದ. ಇಲ್ಲಿ ಸಾದಾ ನೀಲಿ ಪೇಂಟ್ ಬಳಿದಿದ್ದರೆ ಬಣ್ಣ ಸರಿಹೋಗುತ್ತಿತ್ತು, ಹೊಳೆ ಸತ್ತೇ ಹೋಗುತ್ತಿತ್ತು.

ಹಾಗಾಗಿ ತಳವನ್ನು ಮೊದಲು ಬೆಳಗಿಸಿದೆ. ಬೇರೊಂದು ತಾಮ್ರದ ತುಂಡಿನ ಮೇಲೆ ಬೇರೆ ಬೇರೆ ಹದದ ನೀಲಿ ಹಾಕಿ ಒಣಗಿಸಿ, ಹಗಲು ಬೆಳಕಿನಲ್ಲಿ ಲಾಂಛನದ ಪಕ್ಕ ಹಿಡಿದು ನೋಡಿದೆ. ಒಂಬತ್ತನೆಯದು ಹೊಂದಿತು. ಬಿಸಿಲಿಗೆ ಬೇಗ ಹಳದಿಗಟ್ಟದ ಎಪಾಕ್ಸಿಯನ್ನೇ ಆರಿಸಿಕೊಳ್ಳಬೇಕು, ಅಗ್ಗದ್ದು ಹಾಕಿದರೆ ನೀಲಿ ಕಾಲಕ್ರಮೇಣ ಹಸಿರಿಗೆ ತಿರುಗುತ್ತದೆ. ಸೂಜಿಮೊನೆಯಿಂದ ಹನಿಹನಿಯಾಗಿ ಎರಡು ಪದರ ತುಂಬಿದೆ, ಎರಡನೆಯದನ್ನು ಅಂಚಿಗಿಂತ ಕೂದಲೆಳೆಯಷ್ಟು ಎತ್ತರಕ್ಕೆ. ಎರಡು ದಿನ ಮುಚ್ಚಿಟ್ಟು, ಅಕ್ಕಪಕ್ಕದ ಲೋಹದ ಗೆರೆಗಳಿಗೆ ಟೇಪ್ ಅಂಟಿಸಿ, ಚಪ್ಪಟೆ ಮರದ ಚೂರಿಗೆ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ) ಸುತ್ತಿ 800, 1200, 2000 ಎಂದು ನಯದ ಸಂಖ್ಯೆ ಏರಿಸುತ್ತ ಉಜ್ಜಿದೆ. ಬೆರಳಿನಿಂದ ಒತ್ತಿ ಉಜ್ಜಿದರೆ ಮೆತ್ತಗಿನ ಎಪಾಕ್ಸಿ ಗುಳಿಬೀಳುತ್ತದೆ, ಗಾಜು ಹಾಗೇ ನಿಲ್ಲುತ್ತದೆ. ಆಮೇಲೆ ಎಷ್ಟು ಪಾಲಿಶ್ ಮಾಡಿದರೂ ತೇಪೆ ಎದ್ದು ಕಾಣುತ್ತದೆ.

ಸತುವಿನ ಲಾಂಛನಗಳ ಕಥೆ ಬೇರೆ. ಸತುವಿನ ಜಮಾಕ್ ಮಿಶ್ರಲೋಹ 1929ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಕಾರಿನ ಹೆಸರನ್ನು ಕೂಡಕ್ಷರದಲ್ಲಿ ಬರೆದಂತಿರುವ ಉದ್ದನೆಯ ಲಾಂಛನಗಳು ಬಹುಪಾಲು ಇಂಥ ಎರಕವೇ. ಕ್ರೋಮ್‌ನ ಅಡಿ ತೇವ ಹೊಕ್ಕು ಸತು ಬಿಳಿ ಪುಡಿಯಾಗಿ ಉಬ್ಬಿ, ಮೈಯೆಲ್ಲ ಸಿಡುಬಿನ ಕಲೆಯಂತೆ ಗುಳಿ. ನಾನು ಅಂಥದ್ದೊಂದನ್ನು ಲೇಪ ಹಾಕುವವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಬಂದಿದ್ದೆ. ಅವರು ಗುಳಿ ಹೋಗುವವರೆಗೂ ಬಫಿಂಗ್ ಚಕ್ರಕ್ಕೆ ಹಿಡಿದಿದ್ದರು. ಲಾಂಛನ ಕನ್ನಡಿಯಂತೆ ಬಂತು, ಅಕ್ಷರಗಳ ಅಂಚು ಸಾಬೂನು ಸವೆದಂತೆ ಸವೆದಿತ್ತು. ಅದು ಇಂದಿಗೂ ನನಗೆ ನೋವು. ಹೋದ ಲೋಹ ಹೋಯಿತು.

ಈಗ ಕೊಡುವ ಮುಂಚೆ ಕೇಳುತ್ತೇನೆ: "ಗುಳಿಗೆ ಏನು ತುಂಬ್ತೀರಿ?" "ಉಜ್ಜಿದರೆ ಹೋಗುತ್ತೆ ಸಾರ್" ಎಂದರೆ ಎತ್ತಿಕೊಂಡು ಬರುತ್ತೇನೆ. ಹಳೆಯ ಕ್ರೋಮ್, ನಿಕ್ಕಲ್ ಇಳಿಸಬೇಕು, ಪ್ರತಿ ಗುಳಿಯನ್ನೂ ಸಣ್ಣ ಬೈರಿಗೆಯಿಂದ ಶುದ್ಧ ಲೋಹ ಕಾಣುವವರೆಗೆ ಕೊರೆಯಬೇಕು, ಆಮ್ಲವಿಲ್ಲದ ದ್ರಾವಣದಲ್ಲಿ ತಾಮ್ರದ ಮೊದಲ ಪದರ ಹಿಡಿಸಬೇಕು, ಗುಳಿಗೆ ಕಡಿಮೆ ಶಾಖದ ಬೆಸುಗೆ ತುಂಬಿ ಸಮ ಮಾಡಿ ಮತ್ತೆ ತಾಮ್ರ, ನಿಕ್ಕಲ್, ಕ್ರೋಮ್. ನೇರವಾಗಿ ಆಮ್ಲದ ತೊಟ್ಟಿಗೆ ಇಳಿಸಿದರೆ ಆಮ್ಲ ಸತುವನ್ನೇ ತಿನ್ನುತ್ತದೆ. ಇನ್ನೊಂದು ಮಾತು: 1920ರ ದಶಕದ ಕೊನೆಯವರೆಗೂ ಕಾರುಗಳಿಗಿದ್ದದ್ದು ನಿಕ್ಕಲ್ ಲೇಪ, ಅದರಲ್ಲಿ ಸ್ವಲ್ಪ ಹಳದಿ ಛಾಯೆಯ ಬೆಚ್ಚನೆ ಹೊಳಪಿರುತ್ತದೆ. 1922ರ ಕಾರಿಗೆ ನೀಲಿ ಛಾಯೆಯ ಕ್ರೋಮ್ ಹಾಕಿಸಬೇಡಿ.

ಮೂಲ ಲಾಂಛನ ಕಳೆದೇಹೋಗಿದ್ದರೆ ಮಾತ್ರ ಬದಲಿ ಮಾಡಿಸುತ್ತೇನೆ. ಇನ್ನೊಂದು ಕಾರಿನಿಂದ ಎರವಲು ತಂದು, ಸಿಲಿಕೋನ್ ಅಚ್ಚು ತೆಗೆದು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸುವುದು ವಾಡಿಕೆ. ಇಲ್ಲಿ ಒಂದು ಲೆಕ್ಕ ಮರೆಯಬಾರದು. ಹಿತ್ತಾಳೆ ಆರುವಾಗ ಸುಮಾರು ಶೇ. 1.5ರಷ್ಟು ಕುಗ್ಗುತ್ತದೆ. 20 ಸೆಂ.ಮೀ. ಉದ್ದದ ಲಾಂಛನ 3 ಮಿ.ಮೀ. ಗಿಡ್ಡವಾಗುತ್ತದೆ, ಸ್ಟಡ್ಡುಗಳು ಬಾನೆಟ್‌ನ ಹಳೆಯ ರಂಧ್ರಗಳಿಗೆ ಕೂರುವುದಿಲ್ಲ. ಬಾನೆಟ್‌ಗೆ ಹೊಸ ರಂಧ್ರ ಕೊರೆಯುವುದನ್ನು ನಾನು ಒಪ್ಪುವುದೇ ಇಲ್ಲ. ಸ್ಟಡ್ಡಿಲ್ಲದೆ ಎರಕ ಹೊಯ್ಯಿಸಿ, ರಂಧ್ರಗಳ ಅಳತೆಯನ್ನು ಕಾಗದಕ್ಕೆ ಇಳಿಸಿಕೊಂಡು, ಆ ಗುರುತಿಗೆ ಸರಿಯಾಗಿ ಸ್ಟಡ್ಡು ಬೆಸೆಯುತ್ತೇನೆ. ಹಿಂಬದಿಯಲ್ಲಿ ಮಾಡಿದ ವರ್ಷವನ್ನು ಕೊರೆಯುತ್ತೇನೆ, ನಾಳೆ ಯಾರೂ ಅದನ್ನು ಮೂಲದ್ದೆಂದು ನಂಬಿ ಮೋಸಹೋಗಬಾರದು.

ಮೋರಿಸ್ ಲಾಂಛನವನ್ನು ಯಜಮಾನರ ಎದುರಿನಲ್ಲೇ ಕೂರಿಸಿದೆ. ಹಿಂದೆ ತೆಳುವಾದ ರಬ್ಬರ್ ಹಾಳೆ, ನಟ್ ಬೆರಳಿನಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು ಅಷ್ಟೇ. ಹೆಚ್ಚು ಬಿಗಿದರೆ ತಗಡು ಬಾಗಿ ಗಾಜು ಸೀಳುತ್ತದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಎತ್ತಿನ ಕಾಲ ಬಳಿಯ ಹಳೆಯ ಸಣ್ಣ ಚಕ್ಕೆಯೆದ್ದ ಗುರುತನ್ನು ನಾನು ಹಾಗೇ ಬಿಟ್ಟಿದ್ದೆ. ಅದರ ಮೇಲೆ ಹೆಬ್ಬೆರಳಿಟ್ಟು, "ಇದು ನಾನು ಹುಡುಗನಾಗಿದ್ದಾಗಲೂ ಇತ್ತು" ಎಂದರು.