ಪೆಲೆಟ್ ಒಲೆ ಹೊಗೆ ಬಿಟ್ಟರೆ ಪೆಲೆಟ್ಟನ್ನು ಬೈಯಬೇಡಿ, ಮೊದಲು ಗಾಳಿ ನೋಡಿ

ಪೆಲೆಟ್ ಅಂದರೆ ಮರದ ಪುಡಿ, ಶೇಂಗಾ ಸಿಪ್ಪೆಯಂಥದ್ದನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ. ಅದನ್ನು ಸುಡುವ ನಮ್ಮ ಮನೆಯ ಒಲೆ ಈಗ ಬೆಳಿಗ್ಗೆ ಹಚ್ಚಿದರೆ ಮಾರುವ ರೊಟ್ಟಿಯ ಕೆಲಸ ಮುಗಿಯುವವರೆಗೂ ಒಂದೇ ಸಮ ಉರಿಯುತ್ತದೆ. ಹಂಚಿನ ತಳಕ್ಕೆ ಮಸಿ ಹಿಡಿಯುವುದಿಲ್ಲ. ದಾವಣಗೆರೆಯಲ್ಲಿ ಈ ಒಲೆ ತಂದು ಮೂಲೆಗಿಟ್ಟವರು ಸುಮಾರು ಜನ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಇದು ಆಗಲ್ಲ ಅಂದವರೂ ಓದಲಿ. ನಮ್ಮ ಭಾಮೈದ ಅಂತೂ ಬಂದಾಗಲೆಲ್ಲ "ಭಾವ, ಸುಮ್ನೆ ಗುಜರಿಗೆ ಹಾಕ್ರಿ, ಗ್ಯಾಸ್ ತಗೊಳ್ರಿ" ಅನ್ನುತ್ತಿದ್ದ. ಈಗ ಅವನೇ ತನ್ನ ಟೀ ಅಂಗಡಿಗೆ ಇಂಥದ್ದೊಂದು ಹುಡುಕುತ್ತಿದ್ದಾನೆ.

ನಮ್ಮದು ಫ್ಯಾನ್ ಇರುವ ಒಲೆ. ಪಕ್ಕದಲ್ಲಿ ಪೆಲೆಟ್ ಡಬ್ಬ, ನಡುವೆ ಪೆಲೆಟ್ ಉರಿಯುವ ಬಟ್ಟಲು, ಕೆಳಗೆ ಬೂದಿ ಟ್ರೇ. ಬಟ್ಟಲಿನ ಕೆಳಗೆ ಗಾಳಿ ಬರುವ ತೂತಿನ ಜಾಲಿ, ಮೇಲೆ ಇನ್ನೊಂದು ಸಾಲು ತೂತು. ಹಚ್ಚುವುದು ಹೇಗೆ ಅಂತ ಹೇಳಲು ಹೋಗುವುದಿಲ್ಲ, ಇಟ್ಟುಕೊಂಡವರಿಗೆ ಗೊತ್ತೇ ಇರುತ್ತದೆ. ಮೊದಲ ಅರ್ಧ ಗಂಟೆ ಚೆನ್ನಾಗಿ ಉರಿಯುತ್ತಿತ್ತು. ಆಮೇಲೆ ಬೆಂಕಿ ಹಳದಿಯಾಗಿ, ಉದ್ದಕ್ಕೆ ಎದ್ದು, ಬಲವಿಲ್ಲದೆ ತೂಗಾಡುತ್ತಿತ್ತು. ಕಪ್ಪು ಹೊಗೆ. ಬಟ್ಟಲಲ್ಲಿ ಅರ್ಧ ಸುಟ್ಟ ಪೆಲೆಟ್ ಗುಡ್ಡೆ. ರೊಟ್ಟಿ ಉಬ್ಬದೆ ಹಂಚಿನ ಮೇಲೆ ಒಣಗುತ್ತಿತ್ತು, ಮನೆಯವರ ಬೈಗುಳ ಬೇರೆ.

ದುಡ್ಡು ಹೋದ ಲೆಕ್ಕ ಹೇಳಿಬಿಡುತ್ತೇನೆ. ರಿಪೇರಿಯವನು ಫ್ಯಾನ್ ಹೋಗಿದೆ ಅಂದ, ಹೊಸದಕ್ಕೆ 900 ರೂಪಾಯಿ ಆಸುಪಾಸು. ಏನೂ ಬದಲಾಗಲಿಲ್ಲ. ಪೆಲೆಟ್ ಮಾರುವವನು ನೀವು ತರುವ ಮಾಲೇ ಸರಿ ಇಲ್ಲ ಅಂತ ಕೆಜಿಗೆ ನಾಲ್ಕು ರೂಪಾಯಿ ಜಾಸ್ತಿ ಇರುವ ಚೀಲ ಕೊಟ್ಟ. ಎರಡು ದಿನ ಪರವಾಗಿಲ್ಲ ಅನ್ನಿಸಿತು, ಆಮೇಲೆ ಅದೇ ಕಥೆ. ಇನ್ನೊಬ್ಬರ ಮಾತು ಕೇಳಿ ಎರಡು ಸಾವಿರಕ್ಕೂ ಮೇಲೆ ಕೊಟ್ಟು ತಗಡಿನ ಚಿಮಣಿ ಮಾಡಿಸಿದೆ. ಅಡುಗೆಮನೆಯ ಹೊಗೆ ಹೊರಗೆ ಹೋಯಿತು ನಿಜ, ಬೆಂಕಿ ಮಾತ್ರ ಹಾಗೇ ಇತ್ತು. ಒಟ್ಟು ನಾಲ್ಕೈದು ಸಾವಿರ ಕೈಬಿಟ್ಟಿತು.

ಕೊನೆಗೆ ನನಗೆ ದಾರಿ ತೋರಿಸಿದ್ದು ದೇವರ ಮನೆಯ ಊದುಬತ್ತಿ. ಒಲೆ ತಣ್ಣಗಿದ್ದಾಗ ಫ್ಯಾನ್ ಮಾತ್ರ ಹಾಕಿ, ಹಚ್ಚಿದ ಊದುಬತ್ತಿಯನ್ನು ಪ್ರತಿ ಸಂದಿಯ ಹತ್ತಿರ ಹಿಡಿದು ನೋಡಿ. ಬೂದಿ ಟ್ರೇಯ ಬಾಗಿಲ ಹತ್ತಿರ ನಮ್ಮದರಲ್ಲಿ ಹೊಗೆ ರಪ್ಪನೆ ಆಚೆ ಹಾರಿತು. ಅಂದರೆ ಪೆಲೆಟ್ ಕೆಳಗೆ ಹೋಗಬೇಕಾದ ಗಾಳಿ ಅಲ್ಲೇ ಸೋರಿ ಹೋಗುತ್ತಿತ್ತು. ಒಲೆಗೆ ಹಾಕುವ ಗ್ಲಾಸ್ ಫೈಬರ್ ಹಗ್ಗ ನೂರೈವತ್ತು ರೂಪಾಯಿಯಷ್ಟು ತಂದು ಬಾಗಿಲ ಸುತ್ತ ಕೂರಿಸಿದೆ. ಇಂಥ ಸೋರಿಕೆಯಲ್ಲಿ ವಿಷದ ಗಾಳಿಯೂ ಮನೆಯೊಳಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಚಿಮಣಿ ಇದ್ದರೂ ಕಿಟಕಿ ಮುಚ್ಚಬೇಡಿ.

ಹಗ್ಗದಿಂದ ಅರ್ಧ ಗುಣ ಕಂಡಿತು. ಇನ್ನರ್ಧ ಫ್ಯಾನಿಗೆ ಕರೆಂಟ್ ಕೊಡುವ ಅಡಾಪ್ಟರ್‌ನಲ್ಲಿತ್ತು. ಅದರ ಮೇಲೆ 12 ವೋಲ್ಟ್ ಅಂತ ಬರೆದಿದೆ, ಮೀಟರ್ ಹಿಡಿದರೆ 12 ತೋರಿಸುತ್ತದೆ, ಎಲ್ಲರೂ ಅಲ್ಲಿಗೇ ಬಿಡುತ್ತಾರೆ. ಫ್ಯಾನ್ ತಿರುಗುತ್ತಿರುವಾಗ ಅಳೆದು ನೋಡಿ. ನಮ್ಮದು 9ರ ಹತ್ತಿರ ಇಳಿಯುತ್ತಿತ್ತು. ಹೊಸ ಫ್ಯಾನ್ ಹಾಕಿದಾಗಲೂ ಅಡಾಪ್ಟರ್ ಹಳೆಯದೇ ಇತ್ತಲ್ಲ, ಅದಕ್ಕೇ 900 ರೂಪಾಯಿ ನೀರಿಗೆ ಹೋಯಿತು. ಮುನ್ನೂರು ಚಿಲ್ಲರೆಯ ಅಡಾಪ್ಟರ್ ಹಾಕಿದ ಮೇಲೆ ಫ್ಯಾನಿನ ಸದ್ದೇ ಬೇರೆ.

ಪೆಲೆಟ್ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲುಗಳು ಜಾಸ್ತಿ, ಶೇಂಗಾ ಸಿಪ್ಪೆ ಸಿಗುತ್ತದೆ, ಆ ಪೆಲೆಟ್ ಅಗ್ಗ. ಆದರೆ ಶೇಂಗಾ ನೆಲದಿಂದ ಕಿತ್ತದ್ದು, ಸಿಪ್ಪೆಯ ಜೊತೆ ಮಣ್ಣೂ ಬರುತ್ತದೆ. ಜೋರು ಬಿಸಿಗೆ ಮಣ್ಣು, ಬೂದಿ ಎರಡೂ ಕರಗಿ ಗಟ್ಟಿ ಹೆಂಟೆಯಾಗಿ ಜಾಲಿಯ ತೂತು ಮುಚ್ಚುತ್ತವೆ. ಅರ್ಧ ಗಂಟೆ ಆದ ಮೇಲೆ ಬೆಂಕಿ ಕುಗ್ಗುವುದಕ್ಕೆ ಇದೂ ಒಂದು ಕಾರಣ. ಗಾಜಿನ ಲೋಟದ ನೀರಿಗೆ ಒಂದು ಹಿಡಿ ಪೆಲೆಟ್ ಹಾಕಿ, ಪೂರ್ತಿ ಬಿಚ್ಚಿಕೊಂಡ ಮೇಲೆ ಚೆನ್ನಾಗಿ ಕಲಕಿ ಬಿಡಿ. ತಳದಲ್ಲಿ ಮರಳು ಕೂತರೆ ಆ ಚೀಲ ವಾಪಸ್. ಒಣ ಪೆಲೆಟ್ ಮುರಿದಾಗ ಟಕ್ ಅನ್ನಬೇಕು, ಪುಡಿ ಉದುರಿದರೆ ತೇವ ಹಿಡಿದಿದೆ ಅಂತ ಅರ್ಥ. ಬಿಳಿ ಹೊಗೆ ಜಾಸ್ತಿ ಬಂದರೆ ಸಾಮಾನ್ಯವಾಗಿ ಇದೇ. ಮಳೆಗಾಲದಲ್ಲಿ ನಾನು ಚೀಲವನ್ನು ನೆಲಕ್ಕೆ ಇಡುವುದೇ ಇಲ್ಲ, ಮುಚ್ಚಳದ ಡ್ರಮ್ಮಿಗೆ ಸುರಿಯುತ್ತೇನೆ, ಸುರಿಯುವಾಗಲೇ ಜರಡಿ ಹಿಡಿಯುತ್ತೇನೆ.

ಸುಮ್ಮನಿರಲಾರದೆ ಬೇರೆ ಬೇರೆ ಸೌದೆಯನ್ನೂ ಹಾಕಿ ನೋಡಿದೆ. ಮೆಕ್ಕೆಜೋಳದ ದಿಂಡು ನಮ್ಮ ಜಿಲ್ಲೆಯಲ್ಲಿ ರಾಶಿ ರಾಶಿ ಸಿಗುತ್ತದೆ, ಚೂರು ಮಾಡಿ ಹಾಕಿದರೆ ಬೇಗ ಹತ್ತುತ್ತದೆ, ಅಷ್ಟೇ ಬೇಗ ಆರುತ್ತದೆ. ಹಚ್ಚುವುದಕ್ಕೆ ಈಗಲೂ ಒಂದು ಹಿಡಿ ಅದನ್ನೇ ಹಾಕುತ್ತೇನೆ. ಮಂಡಕ್ಕಿ ಭಟ್ಟಿಗೆ ಹಾಕುವ ಭತ್ತದ ಹೊಟ್ಟು ನಮ್ಮ ಒಲೆಗೆ ಬೇಡವೇ ಬೇಡ. ಐದು ಕೆಜಿ ಸುಟ್ಟರೆ ಒಂದು ಕೆಜಿ ಬೂದಿ, ಫ್ಯಾನ್ ಅದನ್ನು ರೊಟ್ಟಿಯ ಮೇಲೇ ಊದುತ್ತದೆ. ಚನ್ನಗಿರಿಯಿಂದ ನೆಂಟರು ಅಡಿಕೆ ಸಿಪ್ಪೆ ಕಳಿಸಿದ್ದರು, ನಾರು ನಾರು, ಡಬ್ಬದಲ್ಲೇ ಸಿಕ್ಕಿಹಾಕಿಕೊಂಡಿತು.

ಈಗ ಹಾಕುವುದು ಮರದ ಪುಡಿಯ ಪೆಲೆಟ್ ಜಾಸ್ತಿ, ಶೇಂಗಾದ್ದು ಕಡಿಮೆ. ಎಷ್ಟಕ್ಕೆ ಎಷ್ಟು ಅಂತ ಕೇಳಬೇಡಿ, ಅದು ನಮ್ಮ ರೊಟ್ಟಿ ವ್ಯಾಪಾರದ ಗುಟ್ಟು. ಕೆಳಗಿನ ಜಾಲಿಯಲ್ಲಿ ಕೆಲವು ತೂತು ಮುಚ್ಚಿದ್ದೇನೆ, ಯಾವುವು ಅನ್ನುವುದನ್ನೂ ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಹೊಗೆಯನ್ನು ಸುಡುವುದು ಮೇಲಿನ ಸಾಲಿನ ತೂತುಗಳ ಗಾಳಿ. ಜನ ಕೆಳಗಿನದನ್ನೇ ಡ್ರಿಲ್ ಹಾಕಿ ದೊಡ್ಡದು ಮಾಡುತ್ತಾರೆ. ಪರಿಚಯದವರೊಬ್ಬರು ಹಾಗೆ ಮಾಡಿ ಬಟ್ಟಲನ್ನೇ ಸುಟ್ಟುಕೊಂಡರು. ಮೇಲಿನ ತೂತುಗಳ ಮಸಿಯನ್ನು ವಾರಕ್ಕೊಮ್ಮೆ ಮೊಳೆಯಿಂದ ಬಿಡಿಸಿ, ಸಾಕು.

ಖರ್ಚು? ಕೆಜಿಗೆ 12 ರೂಪಾಯಿ ಅಂತ ಇಟ್ಟುಕೊಳ್ಳಿ, ಗಂಟೆಗೆ ಒಂದೂಕಾಲು ಕೆಜಿ ಹೋಗುತ್ತದೆ. 19 ಕೆಜಿಯ ಗ್ಯಾಸ್ ಸಿಲಿಂಡರ್ ಮಾಡುವ ಕೆಲಸಕ್ಕೆ ನಮಗೆ 80–90 ಕೆಜಿ ಪೆಲೆಟ್ ಬೇಕಾಗುತ್ತದೆ, ಅಂದರೆ ಸಾವಿರದ ಆಸುಪಾಸು. ಸಿಲಿಂಡರ್ ರೇಟು ನಿಮಗೇ ಗೊತ್ತಲ್ವಾ.

ಉಳಿದದ್ದು ಕರೆಂಟ್. ಹೋದರೆ ಫ್ಯಾನ್ ನಿಲ್ಲುತ್ತದೆ, ಮನೆ ತುಂಬ ಹೊಗೆ. ಅದಕ್ಕೆ ಗುಜರಿಯಿಂದ ಹಳೇ ಕಾರಿನ 12 ವೋಲ್ಟ್ ಬ್ಯಾಟರಿ ತಂದಿದ್ದೇನೆ, ನಡುವೆ ಒಂದು ಫ್ಯೂಸ್ ಹಾಕಿದ್ದೇನೆ. ಬೆಳಗಿನ ರೊಟ್ಟಿಗೆ ಸಾಕಾಗುತ್ತದೆ, ಸಂಜೆಯ ಆರ್ಡರ್‌ವರೆಗೂ ಎಳೆಯುತ್ತದಾ ಅಂತ ಈಗ ನೋಡುತ್ತಿದ್ದೇನೆ.